ಹಾಡಿನ ಯಂತ್ರಕ್ಕೆ ದಿನಕ್ಕೊಂದು ಕೊಡ ನೀರು

ಅಕ್ಷತಾ, ಶರಣು,

ಹೋದ ತಿಂಗಳು ನೀವಿಬ್ಬರೂ ನನ್ನನ್ನು ನೋಡಿ ನಕ್ಕಿರಿ. ಟಿವಿಯ ಕೆಳಗೆ ನಿಮ್ಮಪ್ಪ ತಂದಿಟ್ಟಿರುವ ಉದ್ದನೆಯ ಸ್ಪೀಕರನ್ನು ನಾನು ಮಖಮಲ್ಲಿನ ಚೂರಿನಿಂದ ಒಂದೇ ದಿಕ್ಕಿಗೆ ಒರೆಸುತ್ತೇನೆ. ಒರೆಸಿದ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಅದು ಸಮ ಕೂತಿದೆಯೋ ಇಲ್ಲವೋ ಎಂದು ನೋಡುತ್ತೇನೆ. ಇದನ್ನೆಲ್ಲಿ ಕಲಿತೆ ಆಯಿ ಎಂದು ಶರಣು ಕೇಳಿದ. ಮನೆಯಲ್ಲಿ ಬೀಗರು ಕೂತಿದ್ದರು. ನಾಲ್ಕು ಮಂದಿ ಇದ್ದಾಗ ನನ್ನ ಬಾಯಿ ಏಳುವುದಿಲ್ಲ, ಅದು ನಿಮಗೆ ಗೊತ್ತು. ನಿಮ್ಮ ಮುತ್ಯಾ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಈಗ ಅವರಿಲ್ಲ, ನನ್ನ ಮಾತು ನಾನೇ ಆಡಬೇಕು. ಆಡಲು ಬಾರದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ತವರುಮನೆ ದೇವಾಪುರಕ್ಕೆ ಹತ್ತಿರದ ಹಳ್ಳಿಯಲ್ಲಿ, ಊರಿನ ಕೊನೆಗೆ, ಕಪ್ಪು ಮಣ್ಣಿನ ಎರೆಹೊಲದ ಅಂಚಿಗೆ ಇತ್ತು. ಕಲ್ಲು ಮಣ್ಣಿನ ಗೋಡೆಯ ಮಾಳಿಗೆ ಮನೆ. ಮುಂದೆ ಪಡಸಾಲೆ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಅಪ್ಪನ ತಾಯಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು, ಹೆತ್ತವಳನ್ನು ಅವ್ವ. ಅಪ್ಪ ಗೌಂಡಿ ಮೇಸ್ತ್ರಿ. ಕಾಲುವೆಗೆ ಕಲ್ಲು ಹಾಸುವ ಕೆಲಸದಲ್ಲಿ ಅವನ ಕೈಕೆಳಗೆ ಇಪ್ಪತ್ತು ಆಳು ದುಡಿಯುತ್ತಿದ್ದರು. ಕಾಲುವೆ ಬರುವ ಮುಂಚೆ ನಮ್ಮ ಮನೆಯಲ್ಲಿ ನೀರು ಎಂದರೆ ಅರ್ಧ ಹರದಾರಿ ದೂರದ ಬಾವಿ. ಮುಖ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಎಮ್ಮೆಗೆ. ಕಾಲುವೆ ಬಂದ ವರ್ಷ ಮನೆಯ ಬಗಲಲ್ಲೇ ಒಂದು ಮೊಳದ ಹೊಲಗಾಲುವೆ ಹರಿಯತೊಡಗಿತು. ಅಮ್ಮ ಮೊದಲ ಎಂಟು ದಿನ ಅದರ ದಂಡೆಗೆ ಸುಮ್ಮನೆ ಹೋಗಿ ಕೂಡುತ್ತಿದ್ದಳು. ತೊಳೆದ ಚೆರಿಗೆಯನ್ನೇ ಮತ್ತೆ ತೊಳೆದು ತರುತ್ತಿದ್ದಳು. ನೀರು ಚೆಲ್ಲಿದರೆ ಬೈಯುವವರು ಯಾರೂ ಇಲ್ಲ ಎನ್ನುವುದೇ ನಮಗೊಂದು ಹಬ್ಬವಾಗಿತ್ತು. ಮುಂದೆ ಆದದ್ದು ತಿಳಿಯಬೇಕಾದರೆ ನೀವು ಇದೊಂದನ್ನು ನೆನಪಿಡಬೇಕು.

ಹಾಡಿನ ಯಂತ್ರ ಬಂದದ್ದು ಕಾಲುವೆ ಕ್ಯಾಂಪಿನಿಂದ. ಅಲ್ಲಿದ್ದ ಮೈಸೂರು ಕಡೆಯ ಇಂಜಿನಿಯರ್ ಸಾಹೇಬರಿಗೆ ದೂರದ ಊರಿಗೆ ವರ್ಗವಾಯಿತು. ಲಾರಿಯಲ್ಲಿ ಹಾಕಿದರೆ ಯಂತ್ರ ಉಳಿಯುವುದಿಲ್ಲ ಎಂದು ಅವರು ಅದನ್ನು ಅಪ್ಪನಿಗೆ ಕೊಟ್ಟುಹೋದರು. ರೆಕಾರ್ಡು ತಿರುಗುವ ಪೆಟ್ಟಿಗೆ ಒಂದು, ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್ ಒಂದು, ನನ್ನ ಎದೆಯೆತ್ತರದ ಸ್ಪೀಕರ್ ಎರಡು. ತತ್ವಪದ, ಕವ್ವಾಲಿ, ನಾಟಕದ ಪದಗಳ ಹದಿನಾರು ರೆಕಾರ್ಡು. ಜೊತೆಗೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಕೊಟ್ಟು ಸಾಹೇಬರು ಹೇಳಿದ್ದರಂತೆ:

"ಮೇಸ್ತ್ರಿ, ಯಂತ್ರ ಯಾರು ಬೇಕಾದ್ರೂ ಇಟ್ಕೋಬಹುದು. ಅದನ್ನ ಚೆನ್ನಾಗಿ ಇಡೋದು ಈ ಡಬ್ಬಿ."

ಡಬ್ಬಿಯಲ್ಲಿ ಒಂಟೆಕೂದಲಿನಷ್ಟು ಮೆತ್ತಗಿನ ಒಂದು ಕುಂಚ, ಮರದ ತುಂಡಿಗೆ ಅಂಟಿಸಿದ ಮಖಮಲ್ಲು, ಸ್ಪಿರಿಟಿನ ಸಣ್ಣ ಶೀಸೆ, ರೆಕಾರ್ಡಿನ ಮೇಲೆ ಓಡುವ ಮುಳ್ಳಿನ ಭಾರ ತೂಗುವ ಬೆರಳುದ್ದದ ತಕ್ಕಡಿ, ಪೆಟ್ಟಿಗೆಯ ಕಾಲಿಗೆ ಹಾಕುವ ರಬ್ಬರಿನ ನಾಲ್ಕು ಬಿಲ್ಲೆಗಳಿದ್ದವು. ಒಂದೊಂದಕ್ಕೂ ಸಾಹೇಬರು ದುಂಡಗಿನ ಕನ್ನಡ ಅಕ್ಷರದಲ್ಲಿ ಚೀಟಿ ಬರೆದು ಕಟ್ಟಿದ್ದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅವ್ವನಿಗೂ ಇಲ್ಲ. ನಾನು ನಮ್ಮೂರ ಶಾಲೆಯಲ್ಲಿ ಐದನೆಯ ಇಯತ್ತೆ. ಹಾಗಾಗಿ ಚೀಟಿ ಓದುವವಳು ನಾನಾದೆ, ಓದಿದವಳೇ ಮಾಡಲಿ ಎಂದು ಯಂತ್ರದ ಚಾಕರಿಯೂ ನನ್ನದಾಯಿತು. ಹಾಡು ಕೇಳಲು ಬಂದ ಹತ್ತು ಮಂದಿ ಗಂಡಸರ ನಡುವೆ, ಯಾರೊಡನೆಯೂ ಮಾತಾಡದೆ, ಎಲ್ಲರೂ ನೋಡುತ್ತಿರುವಾಗ ನಾನು ಮಖಮಲ್ಲಿನಿಂದ ರೆಕಾರ್ಡಿನ ಧೂಳು ತೆಗೆಯುತ್ತಿದ್ದೆ, ಕುಂಚದಿಂದ ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಒಂದೇ ಸಲ ಸವರುತ್ತಿದ್ದೆ. ಆ ಕುಂಚದ ಮೇಲೆ ನನಗೆ ಬಲು ಪ್ರೀತಿ. ಬೇರೆ ಕಡೆ ಎಲ್ಲಿ ಕೂತರೂ ನಾನು ಯಾರದೋ ಬೆನ್ನ ಹಿಂದೆ ಕೂಡುವ ಹುಡುಗಿ. ಆ ಕೋಣೆಯಲ್ಲಿ ಮಾತ್ರ ನನಗೊಂದು ಜಾಗವಿತ್ತು.

ಡಬ್ಬಿಯಲ್ಲಿ ಇಲ್ಲದ್ದನ್ನು ಮನೆಯವರು ಸೇರಿಸಿದರು. ನಡುವಿನ ಕೋಣೆಯ ಬದಿಗೋಡೆಗೆ ಹತ್ತಿಸಿ ಅಪ್ಪ ಒಂದು ಕಟ್ಟೆ ಕಟ್ಟಿ, ಮೇಲೆ ಶಹಾಬಾದದ ದಪ್ಪ ಪರಸಿಗಲ್ಲು ಹಾಸಿದ. ಕಲ್ಲಿನ ಮೇಲಿದ್ದರೆ ನಾವು ಓಡಾಡುವ ಅದುರು ಮುಳ್ಳಿಗೆ ಮುಟ್ಟುವುದಿಲ್ಲ. ಆಮೇಲೆ ತನ್ನ ರಸಮಟ್ಟ ತಂದಿಟ್ಟ. ಮರದ ಪಟ್ಟಿಯ ನಡುವಿನ ಗಾಜಿನ ನಳಿಗೆಯಲ್ಲಿ ರಸ ತುಂಬಿ ಒಂದು ಗುಳ್ಳೆ ಬಿಟ್ಟಿರುತ್ತಾರಲ್ಲ, ಅದು. ಗುಳ್ಳೆ ಎರಡು ಗೆರೆಯ ನಡುವೆ ನಿಂತರೆ ಕಲ್ಲು ಸಮ. ನನ್ನನ್ನು ಕರೆದು ತೋರಿಸಿದ. ಗುಳ್ಳೆ ಅಲುಗಲಿಲ್ಲ. ಅವ್ವ ಹಳೆಯ ಇಳಕಲ್ಲ ಸೀರೆಯ ಸೆರಗಿನಿಂದ ಧೂಳಿನ ಮುಸುಕು ಹೊಲಿದಳು. ಕೋಣೆಯಲ್ಲಿ ಹಾಡು ಗೋಡೆಗೆ ಬಡಿದು ಗೊಳಗೊಳ ಎನ್ನುತ್ತಿತ್ತು. ಅದಕ್ಕೆ ಅಮ್ಮ ತಾನು ಎರಡು ಬೇಸಿಗೆ ಕೂತು ಹೊಲಿದ ದೊಡ್ಡ ಕೌದಿಯನ್ನು ಯಂತ್ರದ ಹಿಂದಿನ ಗೋಡೆಯ ತುಂಬ ತೂಗುಹಾಕಲು ಕೊಟ್ಟಳು. ಕೌದಿ ಕಟ್ಟಿದ ದಿನ ದನಿ ಎಷ್ಟು ತಿಳಿಯಾಯಿತೆಂದರೆ, ಹಾಡುವವ ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಅಮ್ಮ ತಪಕೀರಿನ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂಗಿಗೆ ಒಂದು ಚಿಟಿಕೆ ಏರಿಸಿ ಹೇಳಿದಳು:

"ಹೊಚ್ಕೊಳ್ಳಾಕ ಹೊಲದೆ, ಹಾಡಿಗಿ ಹೊಚ್ಚಿದಂಗಾತು."

ಒಂದು ಕೊರತೆ ಮಾತ್ರ ಉಳಿದಿತ್ತು. ಹಾಡಿಲ್ಲದಾಗಲೂ ಸ್ಪೀಕರುಗಳು ಗುಂಯ್ ಎನ್ನುತ್ತಿದ್ದವು. ಶಹಾಪುರದಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಮೌಲಾಸಾಬ್ ಅಪ್ಪನ ಗೆಳೆಯ. ಬಂದು ಕಿವಿಯಿಟ್ಟು ಕೇಳಿದ.

"ಏನ್ರಿ ಮೇಸ್ತ್ರಿ, ಡಬ್ಬದಾಗ ಜೇನಹುಳ ಸಾಕೀರೇನು?"

"ಮಷ್ಕಿರಿ ಬ್ಯಾಡೋ. ಏನ ಮಾಡಬೇಕು ಹೇಳು."

"ಅರ್ಥಿಂಗ್ ಕಚ್ಚಾ ಐತಿ. ಗ್ವಾಡಿ ಹೊರಗ ತಗ್ಗ ತೋಡಿ ಉಪ್ಪು, ಇದ್ದಲಿ ಹಾಕಿ ತಂತಿ ಹೂಳೂಣು. ಹರ್‌ರೋಜ್ ಒಂದು ಕೊಡ ನೀರು ಕುಡಸ್ರಿ ಅದಕ್ಕ. ನೆಲಾ ಹಸಿ ಇತ್ತಂದ್ರ ಹುಳ ಸುಮ್ಮ ಆಗ್ತಾವ."

ಹಾಗೆಯೇ ಮಾಡಿದರು. ಯಂತ್ರದ ಗೋಡೆಯ ಹೊರಮೈಗೆ, ಬುಡದಲ್ಲೇ, ಮೊಳಕಾಲುದ್ದದ ತಗ್ಗು. ಗುಂಯ್ ಎನ್ನುವುದು ನಿಂತುಹೋಯಿತು. ದಿನಾ ಸಂಜೆ ಶಾಲೆಯಿಂದ ಬಂದು ಹೊಲಗಾಲುವೆಯಿಂದ ಒಂದು ಕೊಡ ತುಂಬಿ ತಗ್ಗಿಗೆ ಹೊಯ್ಯುವುದು ನನ್ನ ಕೆಲಸ. ಕಾಲುವೆಗಿಂತ ಮುಂಚೆ ಆಗಿದ್ದರೆ ಒಂದು ಕೊಡ ನೀರನ್ನು ಮಣ್ಣಿಗೆ ಸುರಿಯಲು ನಮ್ಮ ಮನೆಯಲ್ಲಿ ಯಾರ ಕೈಯೂ ಬರುತ್ತಿರಲಿಲ್ಲ. ಈಗ ಕೆಲವು ದಿನ ನಾನು ಎರಡು ಕೊಡ ಹೊಯ್ದೆ.

ನಾಲ್ಕು ತಿಂಗಳು ಹೀಗೆ ನಡೆಯಿತು. ಮಹಾನವಮಿಯ ಖಂಡೆ ಪೂಜೆ ಬಂತು. ಆ ದಿನ ಮನೆಯ ಹತಾರುಗಳನ್ನೆಲ್ಲ ತೊಳೆದು, ಇಬತ್ತಿ ಹಚ್ಚಿ ಕುಂಕುಮದ ಬೊಟ್ಟಿಡಬೇಕು. ಅಪ್ಪನ ಥಾಪಿ, ಸುತ್ತಿಗೆ, ರಸಮಟ್ಟ, ಕುರ್ಪಿ, ಈಳಿಗೆ, ಅವ್ವನ ಸೂಜಿ ಕೂಡ. ಅವ್ವ ಕುಂಕುಮದ ಬಟ್ಟಲು ಕೊಟ್ಟು, ಒಂದೂ ಬಿಡಬೇಡ, ಬಿಟ್ಟ ಹತಾರು ಸಿಟ್ಟಾಗುತ್ತದೆ ಎಂದಳು. ನಾನು ಎಲ್ಲಕ್ಕೂ ಇಟ್ಟು ಯಂತ್ರದ ಮುಂದೆ ನಿಂತೆ. ಪೆಟ್ಟಿಗೆಗೆ ಇಟ್ಟೆ, ಸ್ಪೀಕರುಗಳಿಗೆ ಇಟ್ಟೆ. ಆದರೆ ಹಾಡು ಹೇಳುವ ಹತಾರು ಮುಳ್ಳು. ಸಾಹೇಬರ ಚೀಟಿ ನನಗೆ ಬಾಯಿಪಾಠವಿತ್ತು: ಮುಳ್ಳಿಗೆ ಬೆರಳು ತಾಗಿಸಬಾರದು. ಅವ್ವನ ಮಾತೂ ಕಿವಿಯಲ್ಲಿತ್ತು. ಕೊನೆಗೆ ಮುಳ್ಳಿನ ನೆತ್ತಿಗೆ ಸಾಸಿವೆಯಷ್ಟು ಒಂದು ಬೊಟ್ಟು ಇಟ್ಟೆ. ಕುಂಕುಮ ಕೆಳಗೆ ಉದುರಿ ಮುಳ್ಳಿಗೆ ಹತ್ತಿತು. ಕುಂಚದಿಂದ ತೆಗೆದೆ, ಪೂರ್ತಿ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಮುಸುಕು ಹಾಕಿ ಸುಮ್ಮನೆ ಎದ್ದು ಬಂದೆ.

ಬನ್ನಿ ಮುಡಿದು, ನೆಂಟರು ಹೋಗಿ, ಅಪ್ಪ ಯಂತ್ರ ಹಚ್ಚಿದ್ದು ನಾಲ್ಕನೆಯ ದಿನ. ಮುಳ್ಳು ರೆಕಾರ್ಡಿನ ಮೇಲೆ ಕೂತು ಎರಡು ಸಾಲು ಹಾಡಿತು. ಆಮೇಲೆ ಯಾರೋ ಎಳೆದಂತೆ ಚರ್ ಎಂದು ಒಳಗೆ ಜಾರಿ ನಡುವಿಗೆ ಹೋಗಿ ನಿಂತಿತು. ಇನ್ನೊಂದು ರೆಕಾರ್ಡು ಹಾಕಿದ, ಅದೂ ಹಾಗೆಯೇ. ಕುಂಕುಮ ಮುಳ್ಳಿನಲ್ಲೇ ಉಳಿದಿದೆ. ಹೇಳಬೇಕು ಎಂದುಕೊಂಡೆ, ಮಂದಿ ಇದ್ದರು. ಮಂದಿ ಹೋದ ಮೇಲೆ ಹೇಳಬೇಕು ಎಂದುಕೊಂಡೆ, ಅಷ್ಟರಲ್ಲಿ ಅಪ್ಪನ ಕಣ್ಣು ಅಮ್ಮನ ಮೇಲೆ ಬಿದ್ದಿತ್ತು.

"ಯವ್ವಾ, ನೀ ಇಲ್ಲೇ ಕುಂತು ತಪಕೀರ ಏರಸ್ತಿ, ಸೀನ್ತಿ. ಅದರ ಪುಡಿ ಮುಳ್ಳಿಗಿ ಹತ್ತೈತಿ."

"ನಾಕ ತಿಂಗಳಿಂದ ಸೀನೀನಿ. ಆಗೆಲ್ಲಾ ಹಾಡತಿತ್ತಲ್ಲೋ."

"ಕೂಡಿ ಕೂಡಿ ಈಗ ಹತ್ತೈತಿ. ನಾಳಿಂದ ಬಾಗಲಾಚಿ ಕುಂದ್ರು."

"ಹಡದಾಕಿನ್ನ ಹೊಸ್ತಲಾಚಿ ಹಾಕಿದಿ. ಆಗಲೆಪ್ಪಾ. ನಿನ್ನ ಮುಳ್ಳ ಸುಖಾ ಇರಲಿ."

ಅಮ್ಮ ಮರುದಿನದಿಂದ ಪಡಸಾಲೆಯಲ್ಲಿ, ಬದಿಗೋಡೆಗೆ ಬೆನ್ನು ಆನಿಸಿ, ಕೋಣೆಯ ಕಡೆ ಮುಖ ತಿರುಗಿಸದೆ ಕೂತಳು. ಮಗನೊಡನೆ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಅವ್ವನ ಕೈಲಿ ತನ್ನ ಪಾಲು ತರಿಸಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ಅದು ನನ್ನಿಂದ ಎಂದು ನನಗೆ ಗೊತ್ತಿತ್ತು. ಹೇಳಿದರೆ ಅಪ್ಪ ಇನ್ನು ಮುಂದೆ ಕುಂಚವನ್ನು ನನ್ನ ಕೈಗೆ ಕೊಡುವುದಿಲ್ಲ. ಹೇಳದಿದ್ದರೆ ಅಮ್ಮ ಹೊಸ್ತಿಲಾಚೆಯೇ. ತಾಟಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಹಾಡು ನಿಂತ ಮೇಲೂ ಸಂಜೆಯ ಒಂದು ಕೊಡ ನೀರನ್ನು ಮಾತ್ರ ತಪ್ಪಿಸಲಿಲ್ಲ. ಮಾಡಿದ ತಪ್ಪಿಗೆ ಅದೇ ಸೇವೆ ಎನ್ನುವಂತೆ ಎರಡೆರಡು ಕೊಡ ಹೊಯ್ದೆ.

ಅಪ್ಪ ಮೌಲಾಸಾಬನಿಗೆ ಹೇಳಿ ಹೈದರಾಬಾದಿನಿಂದ ಹೊಸ ಮುಳ್ಳು ತರಿಸಿದ. ಅದೂ ಜಾರಿತು. ಹಳೆಯ ಮುಳ್ಳಿನಲ್ಲಿ ಕುಂಕುಮವಿತ್ತು, ಇದರಲ್ಲಿ ಏನಿದೆ ಎಂದು ನಾನು ಯೋಚಿಸಲಿಲ್ಲ. ಹತ್ತು ವರ್ಷದ ಹೆದರಿದ ತಲೆ ಅಷ್ಟು ದೂರ ಹೋಗುವುದಿಲ್ಲ. ನನ್ನ ತಪ್ಪು ಯಂತ್ರದ ಒಳಗೇ ಇಳಿದಿದೆ ಎಂದುಕೊಂಡೆ. ಭಾರ ಸಾಲದು ಎಂದು ಅಪ್ಪ ಮುಳ್ಳಿನ ತಲೆಯ ಮೇಲೆ ಚಿಲ್ಲರೆ ಬಿಲ್ಲೆ ಇಟ್ಟ. ಮುಳ್ಳು ಜಾರುವುದು ಬಿಟ್ಟು ರೆಕಾರ್ಡನ್ನೇ ಕೆತ್ತಿತು. ಕೆತ್ತಿದ್ದು ಅಮ್ಮನಿಗೆ ಬಲು ಇಷ್ಟದ ತತ್ವಪದ. ಅಪ್ಪ ಯಂತ್ರ ನಿಲ್ಲಿಸಿ, ಧೂಳಿನ ಮನೆಗೆ ಇದು ಒಗ್ಗುವುದಿಲ್ಲ, ಮೌಲಾಸಾಬ್ ಅಂಗಡಿಗೆ ಒಯ್ಯಲಿ, ಬದಲಿಗೆ ಒಂದು ಫ್ಯಾನು ಕೊಡಲಿ ಎಂದ. ಬರುವ ಸೋಮವಾರ ಎಂದು ಮಾತಾಯಿತು.

ಸೋಮವಾರ ಮೌಲಾಸಾಬ್ ಟೆಂಪೋ ತಂದ. ಊಟದ ಹೊತ್ತು, ನಾನೂ ಶಾಲೆಯಿಂದ ಊಟಕ್ಕೆ ಬಂದಿದ್ದೆ. ಅವ್ವ ಇಬ್ಬರಿಗೂ ಪಡಸಾಲೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಡಬ್ಬಿ ಕಟ್ಟು, ಎಲ್ಲ ಒರೆಸಿ ಕೊಡು ಎಂದು ಅಪ್ಪ ನನ್ನನ್ನು ಕೋಣೆಗೆ ಕಳಿಸಿದ. ನಾನು ಮುಸುಕು ತೆಗೆದೆ, ಮಖಮಲ್ಲು ಆಡಿಸಿದೆ. ಕುಂಚವನ್ನು ಕೈಲಿ ಹಿಡಿದು ಬಹಳ ಹೊತ್ತು ಕೂತೆ. ಸೋಮವಾರ ಗೌಂಡಿ ಕೆಲಸಕ್ಕೆ ರಜೆಯಾದ್ದರಿಂದ ಅಪ್ಪನ ಹತಾರದ ಚೀಲ ಮೂಲೆಯಲ್ಲಿತ್ತು. ಯಂತ್ರವನ್ನು ಮೊದಲ ದಿನ ಕೂರಿಸಿದಂತೆ ಕೊನೆಯ ದಿನವೂ ನೋಡಿಬಿಡೋಣ ಅನ್ನಿಸಿತು. ಬೇರೆ ಯೋಚನೆ ಇರಲಿಲ್ಲ. ರಸಮಟ್ಟವನ್ನು ಪರಸಿಯ ಮೇಲಿಟ್ಟೆ.

ಗುಳ್ಳೆ ಓಡಿ ಒಂದು ತುದಿಗೆ ಹೋಗಿ ನಿಂತಿತು. ಖಂಡೆ ಪೂಜೆಯಲ್ಲಿ ಇದಕ್ಕೂ ನಾನೇ ಬೊಟ್ಟಿಟ್ಟವಳು, ಇದನ್ನೂ ಕೆಡಿಸಿದೆ ಎಂದುಕೊಂಡೆ. ಹೊಸ್ತಿಲ ಮೇಲಿಟ್ಟೆ, ಗುಳ್ಳೆ ನಡುವೆ ಬಂತು. ನೆಲದ ಮೇಲೆ ಬಾಗಿಲ ಹತ್ತಿರ ಇಟ್ಟೆ, ನಡುವೆ. ತಿರುಗಿ ಪರಸಿಯ ಮೇಲಿಟ್ಟೆ, ಮತ್ತೆ ತುದಿಗೆ. ಮೆಲ್ಲಗೆ ಕೌದಿಯ ಅಂಚು ಸರಿಸಿದೆ. ಗೋಡೆಯಲ್ಲಿ ಕೆಳಗಿನಿಂದ ನನ್ನ ಎತ್ತರದವರೆಗೆ ಬಿರುಕು. ಬೆರಳು ಹಾಕಿದೆ, ಎರಡನೆಯ ಗೆಣ್ಣಿನವರೆಗೂ ಒಳಗೆ ಹೋಯಿತು. ಅದೇ ಬದಿಗೋಡೆ ಉದ್ದಕ್ಕೆ ಪಡಸಾಲೆಗೂ ಬಂದಿತ್ತು, ಅಲ್ಲಿ ಹದಿನೈದು ದಿನದಿಂದ ಅಮ್ಮ ಅದಕ್ಕೇ ಬೆನ್ನು ಆನಿಸಿ ಕೂಡುತ್ತಿದ್ದಳು.

ನಾನು ಪಡಸಾಲೆಗೆ ಬಂದೆ. ಮೌಲಾಸಾಬ್ ರೊಟ್ಟಿ ಮುರಿಯುತ್ತಿದ್ದ. ಮಂದಿಯ ಮುಂದೆ ನಾನು ಅಪ್ಪನೊಡನೆ ಅದುವರೆಗೆ ಮಾತಾಡಿದವಳಲ್ಲ.

"ಅಪ್ಪಾ, ಗುಳ್ಳಿ ನಡುವ ನಿಂದ್ರವಲ್ದು."

"ಯಾವ ಗುಳ್ಳಿ?"

"ರಸಮಟ್ಟದ್ದು. ಪರಸಿ ಮ್ಯಾಲ ಇಟ್ಟಿದ್ದೆ."

"ಆ ಪರಸಿ ನನ್ನ ಕೈಲೆ ಹಾಸೀನಿ. ಕಾಲುವಿ ಸುಳ್ಳಾದೀತು, ಅದು ಆಗಂಗಿಲ್ಲ. ಹೋಗು, ಡಬ್ಬಿ ಕಟ್ಟು."

ನಾನು ಹೋಗಲಿಲ್ಲ. ಅಲ್ಲೇ ನಿಂತೆ.

"ಗ್ವಾಡಿ ಸೀಳೈತಿ, ಕೌದಿ ಹಿಂದ. ಅಮ್ಮಗ ಅಲ್ಲಿಂದ ಏಳಂತ ಹೇಳು. ಮತ್ತ… ಮುಳ್ಳಿಗಿ ಖಂಡೆ ಪೂಜ್ಯಾಗ ನಾ ಕುಂಕುಮ ಹಚ್ಚೀನಿ. ಅಮ್ಮನ ತಪಕೀರ ಅಲ್ಲದು."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮೌಲಾಸಾಬ್ ತುತ್ತನ್ನು ತಾಟಿಗಿಟ್ಟ.

"ಮೇಸ್ತ್ರಿ, ವರ್ಷಕ್ಕೊಮ್ಮಿ ಬಾಯಿ ಬಿಡೋ ಹುಡುಗಿ ಇದು. ಏಳ್ರಿ, ನೋಡೂಣು."

ಅಪ್ಪ ಕೈ ತೊಳೆದು ಒಳಗೆ ಬಂದ. ರಸಮಟ್ಟ ಇಟ್ಟ. ತುದಿಯನ್ನು ಆ ಕಡೆ ಈ ಕಡೆ ಮಾಡಿ ಮತ್ತೆ ಇಟ್ಟ. ಗುಳ್ಳೆ ಅವನ ಮಾತನ್ನೂ ಕೇಳಲಿಲ್ಲ. ಎರಡೂ ಕೈಯಿಂದ ಕೌದಿ ಇಳಿಸಿದ. ಬಿರುಕನ್ನು ಮೇಲಿಂದ ಕೆಳಗೆ ನೋಡಿದವನು ಹೊರಗೆ ಹೋಗಿ ತಗ್ಗಿನ ಪಕ್ಕದಲ್ಲಿ ಹಿಮ್ಮಡಿ ಊರಿದ. ಹಿಮ್ಮಡಿ ನಾದಿದ ಹಿಟ್ಟಿನಲ್ಲಿ ಇಳಿದಂತೆ ಇಳಿಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ. ನಾಲ್ಕು ತಿಂಗಳು ದಿನಾ ಕುಡಿದು ಉಬ್ಬಿ, ಗೋಡೆಯ ಬುಡವನ್ನೂ ಅದಕ್ಕೆ ಹತ್ತಿಸಿದ ಕಟ್ಟೆಯನ್ನೂ ಒಂದು ಕಡೆ ಎತ್ತಿಬಿಟ್ಟಿತ್ತು. ಮುಳ್ಳು ಇಳಿಜಾರಿಗೆ ಜಾರುತ್ತಿತ್ತು, ಅಷ್ಟೆ. ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಕಾಲುವಿ ಮ್ಯಾಲ ಕಂಡಕಂಡವರಿಗೆಲ್ಲಾ ಹೇಳ್ತೀನಿ, ಎರ್‍ಯಾಗ ಗ್ವಾಡಿ ಬುಡಕ ನೀರ ನಿಲ್ಲಸಬ್ಯಾಡ್ರಿ ಅಂತ. ನನ್ನ ಮನ್ಯಾಗ ನಾನಽ ದಿನಾ ಹೊಯ್ಸೀನಿ."

"ಹೇಳಿದಾಂವ ನಾನ್ರೀ. ತಪ್ಪು ನಂದು," ಎಂದ ಮೌಲಾಸಾಬ್.

"ನೀ ತಂತಿಯಾಂವ. ಮಣ್ಣಿನ ಮಾತು ನಿನಗೇನ ಗೊತ್ತು. ಮೇಸ್ತ್ರಿ ನಾನು."

ಅಮ್ಮ ಎದ್ದು ಬಂದು ಪಡಸಾಲೆಯ ಬಾಗಿಲಲ್ಲಿ ನಿಂತಿದ್ದಳು.

"ಹಂಗಾರ ನನ್ನ ತಪಕೀರಿಂದೇನೂ ಇಲ್ಲ?"

"ಇಲ್ಲವ್ವಾ."

"ಇನ್ನ ಕ್ವಾಣಿ ಒಳಗ ಬರ್ಲೇನು?"

"ಬಾರವ್ವಾ, ತಪ್ಪಾತು."

"ಈಗ ಬರಂಗಿಲ್ಲ. ಗ್ವಾಡಿ ಬೀಳತೈತಿ."

ಮೊದಲು ಮೌಲಾಸಾಬ್ ನಕ್ಕ. ಆಮೇಲೆ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಕೂತಲ್ಲೇ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ನಾನು ಮಾತ್ರ ಅತ್ತೆ. ಹದಿನೈದು ದಿನ ಬಚ್ಚಿಟ್ಟದ್ದೆಲ್ಲ ಕಣ್ಣಿಂದ ಹೋಗುತ್ತಿತ್ತು, ಅದು ಎಷ್ಟು ಹಗುರವಾದ ಅಳು ಎಂದರೆ ನನಗೇ ನಗು ಬಂತು. ಅಪ್ಪ ಕುಂಕುಮದ ಮಾತು ಎತ್ತಲಿಲ್ಲ. ಎಷ್ಟು ದಿನ ಉಂಡಿಲ್ಲ ನೀನು ಎಂದು ಮಾತ್ರ ಕೇಳಿ, ತನ್ನ ತಾಟನ್ನೇ ನನ್ನ ಮುಂದೆ ಸರಿಸಿದ. ನಾನು ಮೂರು ರೊಟ್ಟಿ ತಿಂದೆ. ಮೌಲಾಸಾಬನ ಟೆಂಪೋದಲ್ಲಿ ಯಂತ್ರದ ಬದಲು ಅಮ್ಮನ ಮಂಚ, ಜೋಳದ ಚೀಲಗಳು, ಹಾಸಿಗೆ ಪಕ್ಕದ ಓಣಿಯ ಸೋದರತ್ತೆಯ ಮನೆಗೆ ಹೋದವು. ಯಂತ್ರವನ್ನು ಅವನೇ ಎತ್ತಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟು, ಫ್ಯಾನಿನ ಮಾತು ಮರೆತುಬಿಡಿ ಎಂದು ಹೋದ.

ಗೋಡೆ ತಾನಾಗಿ ಬೀಳಲಿಲ್ಲ. ಬೀಳುವ ಮುಂಚೆ ಅಪ್ಪನೇ ಮಾಳಿಗೆಗೆ ಊರುಗೋಲು ಕೊಟ್ಟು, ಒಂದೊಂದೇ ಕಲ್ಲು ಬಿಚ್ಚಿದ. ಬುಡದ ಎರೆಮಣ್ಣನ್ನು ಆಳುದ್ದ ಅಗೆಸಿ, ನೀರಿಗೆ ಉಬ್ಬದ ಗರಸು ಮಣ್ಣು ತುಂಬಿಸಿದ. ಅರ್ಥಿಂಗಿನ ತಗ್ಗನ್ನು ಹೊಲಗಾಲುವೆಯ ದಂಡೆಗೇ ಒಯ್ದ, ಅಲ್ಲಿ ನೆಲ ತಾನೇ ಹಸಿ ಇರುತ್ತಿತ್ತು, ಯಾರೂ ಕೊಡ ಹೊರಬೇಕಿರಲಿಲ್ಲ. ಈ ಸಲ ಕಟ್ಟೆಯನ್ನು ಗೋಡೆಗೆ ಹತ್ತಿಸದೆ ಒಂದು ಗೇಣು ಬಿಟ್ಟು ಕಟ್ಟಿದರು. ಪರಸಿ ಕೂರಿಸುವ ದಿನ ಕಾಲುವೆಯ ಆಳು ನಾಲ್ಕು ಮಂದಿ ಬಂದಿದ್ದರು. ಕಲ್ಲಿನ ನಾಲ್ಕು ಮೂಲೆಗೆ ನಾಲ್ವರು ನಿಂತಾಗ ಅಪ್ಪ ರಸಮಟ್ಟವನ್ನು ನನ್ನ ಕೈಗೆ ಕೊಟ್ಟ.

"ನೀ ನೋಡಿ ಹೇಳು. ನಾ ನೋಡಿದ್ದು ಏನಾತಂತ ಒಮ್ಮಿ ನೋಡೇವಿ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಮಂಡಿಯೂರಿ ಇಟ್ಟೆ. ಗುಳ್ಳೆ ನಡುವಿಗೆ ಬಂದು, ಒಂದು ಗೆರೆಗೆ ತುಸು ತಾಗಿ ನಿಂತಿತು. ಸಾಕು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ಬಾಗಲ ಕಡೀದು ಒಂದು ನೂಲು ಏರಸ್ರಿ," ಎಂದೆ.

ಗಟ್ಟಿಯಾಗಿಯೇ ಅಂದೆ. ಮೀಸೆ ಹಣ್ಣಾದ ಗಂಡಸರು ನಾಲ್ವರು, ನನ್ನ ಒಂದು ಮಾತಿಗೆ, ಅಷ್ಟು ದೊಡ್ಡ ಕಲ್ಲನ್ನು ಒಂದು ನೂಲಿನಷ್ಟು ಎತ್ತಿದರು.

ಅಕ್ಷತಾ, ಶರಣು, ಆಮೇಲೆ ಮುಳ್ಳು ಎಂದೂ ಜಾರಲಿಲ್ಲ. ನಾನು ಮಾತುಗಾತಿಯೇನೂ ಆಗಲಿಲ್ಲ. ಆದರೆ ಹೇಳಲೇಬೇಕಾದ್ದು ಇದ್ದಾಗ ಮಂದಿ ಎಷ್ಟಿದ್ದರೂ ನಿಂತು ಹೇಳಿದ್ದೇನೆ, ಬಾಳಿನಲ್ಲಿ ನಾಲ್ಕೈದು ಸಲ. ಮಿಕ್ಕದ್ದೆಲ್ಲ ಒಳಗೇ ಉಳಿದಿತ್ತು, ಈಗ ಈ ಹಾಳೆಗಳಿಗೆ ಇಳಿಯುತ್ತಿದೆ. ಕೈಬರಹ ಚೆಂದವಿಲ್ಲ, ಕೆಲವು ಕಡೆ ಅಕ್ಷರ ಹೊಡೆದು ತಿದ್ದಿದ್ದೇನೆ. ಇವನ್ನು ಬೇರೆ ಕಾಗದಗಳ ಜೊತೆ ರದ್ದಿಗೆ ಹಾಕಬೇಡಿ. ಇಬ್ಬರಲ್ಲಿ ಯಾರು ಇಟ್ಟುಕೊಳ್ಳುತ್ತೀರಿ ಎಂದು ನೀವೇ ಮಾತಾಡಿಕೊಂಡು, ಇಟ್ಟ ಜಾಗವನ್ನು ಇನ್ನೊಬ್ಬರಿಗೆ ಹೇಳಿಡಿ.